ಕಫನ್ ಹಿಡಿದವನ ಮುಖ

ನಡುಹಗಲಲ್ಲಿ ಫ್ಲ್ಯಾಶ್ ಹಚ್ಚುವವನನ್ನು ನೋಡಿ ನಗದ ಊರು ಕಿನಾ ಸೀಮೆಯಲ್ಲೇ ಇಲ್ಲ. ನಕ್ಕರೆಂದು ನಸೀಫ್ ತನ್ನ ಚಾಳಿ ಬಿಟ್ಟವನೂ ಅಲ್ಲ. ಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದ ಈ ಕ್ರೈಸ್ತನನ್ನು ಎರಡು ಮುಸಲ್ಮಾನ ಮನೆತನಗಳ ರಾಜಿಗೆ ಕರೆಸಿದ್ದೇ, ಅವನು ಆ ಕಡೆಯವನೂ ಅಲ್ಲ ಈ ಕಡೆಯವನೂ ಅಲ್ಲ ಎಂಬ ಕಾರಣಕ್ಕೆ.

"ಏನ್ ನಸೀಫಣ್ಣ, ಸೂರ್ಯಂಗೇ ದೀಪ ಹಿಡಿಯೋಕೆ ಬಂದ್ಯಾ?" ಎಂದು ಊರಿನ ಯಜಮಾನ ಉಮ್ದಾ ಕಿಚಾಯಿಸಿದ.

"ಸೂರ್ಯ ನೆತ್ತಿ ಮೇಲಿದಾನೆ ಉಮ್ದಾ. ತಲೆ ತಗ್ಗಿಸಿದೋನ ಮುಖಕ್ಕೆ ಅವನಿಂದ ಏನು ಬಂತು? ಸಾಲದ್ದಕ್ಕೆ ಕೈಯಲ್ಲಿ ಹೆಣಕ್ಕೆ ಸುತ್ತೋ ಬೆಳ್ಳಗಿನ ಕಫನ್ ಬೇರೆ. ಕ್ಯಾಮೆರಾ ಆ ಬಿಳಿ ನೋಡಿ ಬೆಚ್ಚಿಬಿದ್ದು ಮುಖಕ್ಕೆ ಮಸಿ ಬಳಿಯುತ್ತೆ. ಒಂಚೂರು ಫ್ಲ್ಯಾಶ್ ಕೊಟ್ರೆ ಕಣ್ಣು, ಮೂಗು ಎಲ್ಲ ಎದ್ದು ಬರುತ್ತೆ."

"ನಂಗೆ ಬೇಕಾಗಿರೋದೂ ಅದೇ," ಎಂದು ಹಿಂದಿನಿಂದ ಸನದ್ ಬಂದ. ಕೊಲೆಯಾದವನ ತಮ್ಮ. ವರ್ಷಗಟ್ಟಲೆ ಕುವೈತಿನಲ್ಲಿ ದುಡಿದು, ಈ ರಾಜಿಗೆಂದೇ ಊರಿಗೆ ಬಂದಿದ್ದ. ಬಂದಾಗಿನಿಂದ ಒಂದು ಸಲವೂ ನಕ್ಕಿರಲಿಲ್ಲ. "ನಮ್ಮಣ್ಣನ್ನ ಕೊಂದೋನು ಕಫನ್ ಹಿಡ್ಕೊಂಡು ನಿಂತಿರೋ ಫೋಟೋ. ಚಾವಡೀಲಿ ನೇತುಹಾಕ್ತೀನಿ. ಮುಖ ನೀರಿನಷ್ಟು ತಿಳಿಯಾಗಿರ್ಬೇಕು. ನಾಳೆ ಅವರ ಪೈಕಿ ಯಾವನೂ 'ನಮ್ಮೋನು ತಲೆ ಬಗ್ಗಿಸಲೇ ಇಲ್ಲ' ಅನ್ನಬಾರ್ದು."

ಚಪ್ಪರದ ಕೆಳಗೆ ಸನದ್‌ನ ತಂದೆ ಹಾಜ್ ಕಿನಾವಿ ಜಪಮಣಿ ಎಣಿಸುತ್ತ ಕೂತಿದ್ದ. ಮಗನ ಮಾತು ಕೇಳಿಸಿದರೂ ಮಣಿ ಎಣಿಸುವುದನ್ನು ನಿಲ್ಲಿಸಲಿಲ್ಲ.

ಜಾದ್ ಎಂಬವನು ಮೀಸೆ ಮೂಡುವ ವಯಸ್ಸಿನಲ್ಲಿ, ನೀರಿನ ಕಾಲುವೆಯ ಜಗಳದಲ್ಲಿ ಹಾಜ್‌ನ ಹಿರಿಮಗನನ್ನು ಗುಂಡಿಟ್ಟು ಕೊಂದಿದ್ದ. ಜೈಲಿನಲ್ಲಿ ಗಂಡಸಾಗಿ ಈ ವರ್ಷ ಹೊರಬಂದಿದ್ದ. ಸರ್ಕಾರದ ಲೆಕ್ಕ ಅಲ್ಲಿಗೆ ಚುಕ್ತಾ. ರಕ್ತದ ಲೆಕ್ಕ ಹಾಗಲ್ಲ. ಕೊಂದವನು ಬರಿಗಾಲಲ್ಲಿ, ಬರಿದಲೆಯಲ್ಲಿ ತನ್ನ ಕಫನನ್ನು ತಾನೇ ಹೊತ್ತು ಬಂದು ಸತ್ತವನ ತಂದೆಯ ಮುಂದೆ ಕತ್ತು ಬಗ್ಗಿಸಬೇಕು. ತಂದೆ ಚೂರಿ ಎತ್ತಿ, ಅವನ ಬದಲು ಪಕ್ಕದಲ್ಲಿ ಕಟ್ಟಿದ ಟಗರನ್ನು ಕಡಿಯಬೇಕು. ಆಮೇಲೆ ಹಗೆ ಸತ್ತಂತೆ. ಅವನು ಬಾರದೇ ಹೋದರೆ ಅದಕ್ಕಿಂತ ದೊಡ್ಡ ಅವಮಾನ ಬೇರೆಯಿಲ್ಲ. ಪೊಲೀಸರು ಚಪ್ಪರದ ಬಾಗಿಲಲ್ಲಿ ಬಂದೂಕು ಕಸಿದಿಟ್ಟುಕೊಂಡಿದ್ದರು ನಿಜ, ಆದರೆ ಇನ್ನಷ್ಟು ಬಂದೂಕಿದ್ದ ಮನೆಗಳೇನು ದೂರವಿರಲಿಲ್ಲ.

ಓಣಿಯ ತುದಿಯಲ್ಲಿ ಎದುರು ಕಡೆಯವರು ಬಂದು ನಿಂತರು. ಮುಂದೆ ಒಬ್ಬ, ತಲೆ ಬೋಳಿಸಿಕೊಂಡು, ಚಾಚಿದ ತೋಳುಗಳ ಮೇಲೆ ಮಡಿಸಿದ ಬಿಳಿ ಬಟ್ಟೆ ಹಿಡಿದು. ಹಿಂದೆ ಅವರ ಹಿರಿಯರು, ನೆಲ ಬಿಟ್ಟು ಬೇರೆಲ್ಲೂ ನೋಡದೆ. ಉಮ್ದಾನ ಸನ್ನೆಗಾಗಿ ಕಾದರು.

"ಬೆಳಕಿನ ಹದ ನೋಡ್ಕೊಂಡು ಬರ್ತೀನಿ," ಎಂದು ನಸೀಫ್ ಕಫನ್ ಹಿಡಿದವನ ಹತ್ತಿರ ಹೋದ. ತುಸು ಬಗ್ಗಿ, ಕೆಳಗಿನಿಂದ ಒಂದು ಫೋಟೋ ಹೊಡೆದ. ಫ್ಲ್ಯಾಶ್ ಝಗ್ ಎಂದಿತು. ಕ್ಯಾಮೆರಾದ ಬೆನ್ನಿನ ಪರದೆ ನೋಡಿದ. ಬಟ್ಟೆಯ ಎಳೆ ಎಳೆಯೂ ಇತ್ತು, ಮುಖವೂ ಇತ್ತು. ಅಷ್ಟು ಒಳ್ಳೆಯ ಹದ ಅವನಿಗೆ ವರ್ಷದಲ್ಲಿ ಒಮ್ಮೆ ಸಿಗುವಂಥದ್ದು. ಹಿಗ್ಗು ಬಂದಷ್ಟೇ ಬೇಗ ಇಂಗಿತು.

ಜಾದ್‌ನ ಹುಬ್ಬು ಜೈಲಿನಲ್ಲಿ ಸೀಳಿತ್ತು. ಬಿಡುಗಡೆಯಾದ ಮೇಲೆ ಗುರುತಿನ ಚೀಟಿಗೆಂದು ಅವನ ಫೋಟೋ ತೆಗೆದವನೇ ನಸೀಫ್. ಆ ದಿನ ಅಣ್ಣನ ಜೊತೆ ಬಂದು ಬೆಂಚಿನ ಮೇಲೆ ಕೂತು ಕಡಲೆಬೀಜ ತಿನ್ನುತ್ತಿದ್ದ ತಮ್ಮ ವಹ್ದಾನ್‌ನ ಹುಬ್ಬು ನೆಟ್ಟಗಿತ್ತು. ಪರದೆಯ ಮೇಲಿನ ಹುಬ್ಬೂ ನೆಟ್ಟಗಿತ್ತು.

ನಸೀಫ್ ಕಫನಿನ ಮಡಿಕೆ ಸರಿಪಡಿಸುವವನಂತೆ ಮುಂದೆ ಬಾಗಿದ. "ನೀನಾ? ಜಾದ್ ಎಲ್ಲೋ?"

ವಹ್ದಾನ್‌ನ ತುಟಿ ಅಲ್ಲಾಡಿದ್ದೇ ಕಾಣಲಿಲ್ಲ. "ಬೆಳಗಾಗೋ ಹೊತ್ತಿಗೆ ಅಣ್ಣ ಓಡಿಹೋದ, ಚಿಕ್ಕಪ್ಪ. ಯಾರೂ ಬರ್ದಿದ್ರೆ ಇವತ್ತೇ ಹೆಣ ಬೀಳುತ್ತೆ."

"ಗೊತ್ತಾದ್ರೆ ಈ ಬಟ್ಟೆ ನಿಂಗೇ ಸುತ್ತುತಾರೆ ಕಣೋ, ಹುಚ್ಚುಮುಂಡೇದೆ."

"ಸುತ್ತಲಿ ಬಿಡು. ಅಳತೆ ಸರಿಯಾಗೇ ಇದೆ."

ನಸೀಫ್‌ಗೆ ಅಳುವೂ ಬಂತು, ಸಿಟ್ಟೂ ಬಂತು. ಓಡಿಹೋದ ಆ ಹೇಡಿಯ ಮೇಲೆ ಸಿಟ್ಟು. ಫ್ಲ್ಯಾಶ್ ಹಾಕಿದರೆ ಕೂದಲೆಳೆಯೂ ಕಾಣುತ್ತೆ ಎಂದು ಊರೆಲ್ಲ ಕೊಚ್ಚಿಕೊಂಡ ತನ್ನ ಬಾಯಿಯ ಮೇಲೆ ಅದಕ್ಕಿಂತ ಹೆಚ್ಚು. ಎಲ್ಲರಿಗೂ ಬೆನ್ನು ಹಾಕಿ ಆ ಚಿತ್ರವನ್ನು ಅಳಿಸಿದ. ಫ್ಲ್ಯಾಶಿನ ಬ್ಯಾಟರಿಯ ಮುಚ್ಚಳ ತೆಗೆದು ಒಂದು ಸೆಲ್ಲನ್ನು ಜೇಬಿಗೆ ಬಿಟ್ಟುಕೊಂಡ.

ತಿರುಗಿದರೆ ಸನದ್ ಮೊಳದ ದೂರದಲ್ಲಿ ನಿಂತಿದ್ದ.

"ಸಿಕ್ತಾ ಮುಖ? ತೋರ್ಸು."

"ಹದ ಕೂತಿಲ್ಲಪ್ಪ, ಅಳಿಸ್ಬಿಟ್ಟೆ. ಅಸಲಿದು ಮುಂದೆ ಇದೆಯಲ್ಲ."

ಸನದ್ ಅವನನ್ನೇ ದುರುಗುಟ್ಟಿ ನೋಡಿದ. ಅಷ್ಟರಲ್ಲಿ ಉಮ್ದಾ ಕೈ ಎತ್ತಿದ.

ವಹ್ದಾನ್ ನಡೆದು ಬಂದ. ಸುಡುವ ಮಣ್ಣಿನ ಮೇಲೆ ಬರಿಗಾಲು. ಟಗರು ಹಗ್ಗ ಜಗ್ಗುತ್ತಿತ್ತು. ಅವನು ಹಾಜ್ ಕಿನಾವಿಯ ಮುಂದೆ ಮಂಡಿಯೂರಿ, ಕಫನ್ ಮುಂದಿಟ್ಟು, ಕತ್ತು ಬಗ್ಗಿಸಿದ. ಮುದುಕ ಎದ್ದ. ಉಮ್ದಾ ಚೂರಿ ಕೈಗಿತ್ತ. ಮುದುಕ ಅದನ್ನು ಬಗ್ಗಿದ ಕತ್ತಿನ ಮೇಲೆ ಹಿಡಿದ.

"ಈಗ! ಹೊಡಿ ಫ್ಲ್ಯಾಶು!" ಎಂದು ಸನದ್ ಕಿವಿಯ ಬಳಿ ಉಸುರಿದ.

ನಸೀಫ್ ಒತ್ತಿದ. ಬೆಳಕು ಬರಲಿಲ್ಲ. ಮತ್ತೆ ಒತ್ತಿದ.

"ಏನಾಯ್ತು?"

"ಬ್ಯಾಟರಿ ಕೈ ಕೊಡ್ತು ಕಣಪ್ಪ."

"ಸುಳ್ಳು! ಈಗಷ್ಟೇ ಝಗ್ ಅಂತಲ್ಲ, ನಾನೇ ನೋಡಿದೀನಿ." ಸನದ್ ಅವನ ಭುಜ ಹಿಂಡಿ ಅತ್ತ ದೂಡಿದ. "ಹೋಗ್ಲಿ ಬಿಡು, ನಿನ್ನ ದೀಪ ಯಾವನಿಗೆ ಬೇಕು! ಗಲ್ಲ ಹಿಡಿದು ಸೂರ್ಯನ ಕಡೆ ಎತ್ತಿ ನಿಲ್ಲಿಸ್ತೀನಿ, ತೆಗಿ!"

ದಾಪುಗಾಲು ಹಾಕಿ ಹೋದ. ಕೈ ಚಾಚಿದ. ನಸೀಫ್ ಒಳಗೊಳಗೇ ಯೇಸುವೇ ಎಂದ. ಎದುರು ಕಡೆಯ ಹಿರಿಯನೊಬ್ಬ ಕಣ್ಣು ಮುಚ್ಚಿಕೊಂಡ.

"ಸನದ್!" ಹಾಜ್‌ನ ದನಿ ದೊಡ್ಡದೇನೂ ಇರಲಿಲ್ಲ. ಚೂರಿ ಹುಡುಗನ ಕತ್ತಿನ ಮೇಲೇ ಇತ್ತು. "ಅವನ ತಲೆ ಎತ್ತೋ ಹಕ್ಕು ಯಾರ್ದು?"

ಸನದ್ ನಿಂತ. ಕ್ಷಮಿಸುವವನು ಬಿಟ್ಟು ಬೇರೆಯವರು ಆ ತಲೆ ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು.

"ನಿಮ್ದು ಅಪ್ಪ."

"ಹಾಗಾದ್ರೆ ಹಿಂದೆ ಸರಿ."

ಮುದುಕ ಕೆಳಗೆ ನೋಡುತ್ತ ನಿಂತ. ನಸೀಫ್ ಕ್ಯಾಮೆರಾದೊಳಗಿಂದ ನೋಡುತ್ತಿದ್ದ. ಚೂರಿ ಕತ್ತಿನ ಮೇಲಿಂದ ಕದಲಲಿಲ್ಲ. ಕೊನೆಗೆ ಹಾಜ್ ಟಗರಿನ ಕಡೆ ತಿರುಗಿ ಬಿಸ್ಮಿಲ್ಲಾ ಎಂದ. ರಕ್ತ ಮಣ್ಣಿಗೆ ಹರಿದಾಗ ಚಪ್ಪರದ ತುಂಬ ಒಮ್ಮೆಲೇ ಉಸಿರು ಬಿಟ್ಟ ಸದ್ದಾಯಿತು. ಮುದುಕ ತನ್ನ ಶಾಲು ತೆಗೆದು ಹುಡುಗನ ತಲೆ, ಮುಖದ ಮೇಲೆ ಹೊದಿಸಿ, ಹಾಗೇ ಎದೆಗೊತ್ತಿಕೊಂಡ.

"ಏಳು ಜಾದ್," ಎಂದ, ಎಲ್ಲರಿಗೂ ಕೇಳುವಂತೆ.

ಸನದ್ ಕುವೈತಿಗೆ ಮರಳಿದ ಮೇಲೆ ನಸೀಫ್ ದೊಡ್ಡದಾಗಿ ಮುದ್ರಿಸಿದ ಚಿತ್ರ ಹಿಡಿದು ಹಾಜ್‌ನ ಚಾವಡಿಗೆ ಹೋದ. ಬಿಸಿಲಿಗೆ ಹೊಳೆಯುವ ಕಫನ್. ಅದರ ಮೇಲೆ ಇದ್ದಿಲಿನಂಥ ಮುಖ. ಹೊಸಬನ ಕೈಯಿಂದಲೂ ಇಷ್ಟು ಕೆಟ್ಟ ಚಿತ್ರ ಬರುವುದಿಲ್ಲ.

"ತಪ್ಪಾಯ್ತು ಹಾಜ್. ಮುಖ ಬರ್ಲಿಲ್ಲ."

ಹಾಜ್ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡ. ಚಹಾ ತರಿಸಿದ. ನಸೀಫ್‌ನ ಲೋಟಕ್ಕೆ ತಾನೇ ಸಕ್ಕರೆ ಹಾಕಿ ಕಲಕಿದ.

"ನ್ಯಾಯಾಲಯದ ಒಂದು ವಿಚಾರಣೇನೂ ತಪ್ಪಿಸಿದೋನಲ್ಲ ನಾನು," ಎಂದ. "ಕಟಕಟೆಲಿ ನಿಂತಿದ್ದ ಆ ಮುಖ ಸಾಯೋವರೆಗೂ ಮರೆಯಲ್ಲ. ತಲೆ ಬಗ್ಗಿಸಿದ್ರೇನು, ಬೋಳಿಸಿದ್ರೇನು."

ನಸೀಫ್ ಲೋಟ ಕೆಳಗಿಟ್ಟ. "ಹಾಗಾದ್ರೆ ಅವನಲ್ಲ ಅಂತ ಗೊತ್ತಿದ್ದೂ ಕ್ಷಮಿಸಿದ್ರಾ ಹಾಜ್?"

"ಕ್ಷಮೆ ಅನ್ಬೇಡ ನಸೀಫ್." ಮುದುಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಜಾದೇ ಬಂದಿದ್ರೆ ಚೂರಿ ಟಗರಿನ ಕಡೆ ತಿರುಗ್ತಾ ಇರ್ಲಿಲ್ಲ."