ಎರವಲು ಸಂಗೀತ

ಎಡಿಟಿಂಗ್ ಕೋಣೆಯ ದೀಪ ಆರಿಸಿ ನಿರ್ದೇಶಕ ಕೊನೆಯ ದೃಶ್ಯ ಹಾಕಿದ. ಹೆಂಗಸೊಬ್ಬಳು ಖಾಲಿ ಮಾಡಿದ ಮನೆಗೆ ಬೀಗ ಹಾಕಿ, ಅದನ್ನು ಜಗ್ಗಿ ನೋಡಿ, ಬೀದಿಗೆ ಇಳಿಯುತ್ತಾಳೆ. ಮಾತಿಲ್ಲ. ಹಿನ್ನೆಲೆಯಲ್ಲಿ ಚೆಲ್ಲೋದ ತಗ್ಗಿದ ತಂತಿನಾದ ಶುರುವಾಯಿತು. ಮೊದಲ ಸಾಲು ಮುಗಿಯುವ ಮುಂಚೆಯೇ ಗುರುತು ಹಿಡಿದೆ. ಅದು ನಾನು ಬರೆದ ಸಂಗೀತ.

“ಇದು ಟೆಂಪ್, ಮೇಡಂ. ಯಜಮಾನ್ರ ಹಳೇ ಸಿನಿಮಾದ್ದು,” ಅಂದ ನಿರ್ದೇಶಕ. “ಏನ್ ಮಾಡಿದಾರೆ ನೋಡಿ ಮಹಾನುಭಾವ್ರು. ನಂಗೆ ಇದೇ ಥರ ಬೇಕು. ಆದ್ರೆ ಇದು ಬೇಡ.”

ನಮ್ಮ ಕಸುಬಿನಲ್ಲಿ ಇದೊಂದು ಪದ್ಧತಿ. ಸಂಗೀತ ಸಿದ್ಧವಾಗುವ ಮುಂಚೆ ಸಿನಿಮಾ ಕತ್ತರಿಸಿ ಜೋಡಿಸುವಾಗ ಬೇರೆ ಯಾವುದೋ ಸಿನಿಮಾದ ಸಂಗೀತವನ್ನು ತಾತ್ಕಾಲಿಕವಾಗಿ ಅಂಟಿಸಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ಕೇಳಿ ನಿರ್ದೇಶಕ ಅದಕ್ಕೆ ಮನಸೋತಿರುತ್ತಾನೆ. ಆಮೇಲೆ ನಮ್ಮನ್ನು ಕರೆದು ಹೊಸದು ಕೊಡಿ ಅನ್ನುತ್ತಾನೆ. ಮದುವೆಯಾಗಲು ಬಂದವಳಿಗೆ ಹಳೆಯ ಹುಡುಗಿಯ ಫೋಟೋ ತೋರಿಸಿ, ಹೀಗೇ ನಗು ಅಂದ ಹಾಗೆ. ಈ ಸಲ ತಮಾಷೆಯೆಂದರೆ ಫೋಟೋದಲ್ಲಿದ್ದವಳೂ ನಾನೇ.

ಯಜಮಾನರು ಅಂದರೆ ಯಾರೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಊರಿನ ದೊಡ್ಡ ದೊಡ್ಡ ಸಿನಿಮಾಗಳ ಸಂಗೀತವೆಲ್ಲ ಅವರದೇ. ಅವರ ಬಳಿ ನಾನು ವರ್ಷಾನುಗಟ್ಟಲೆ ಅರೇಂಜರ್ ಆಗಿದ್ದೆ. ಅವರು ಫೋನಿನಲ್ಲಿ ಒಂದು ಸಾಲು ಗುನುಗುತ್ತಾರೆ. ಅದಕ್ಕೆ ಕೈಕಾಲು ಮೂಡಿಸಿ, ಯಾವ ವಾದ್ಯ ಎಲ್ಲಿ ಏಳಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂದು ಬರೆಯುವವರು ನಾವು. ಹೆಸರು ಅವರದು. ಅದು ಒಪ್ಪಂದ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಚೆಲ್ಲೋಗೆ ಅವರು ಒಂದು ಸಾಲನ್ನೂ ಗುನುಗಿರಲಿಲ್ಲ. ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು. ನಾನು ಆಸ್ಪತ್ರೆಯ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದದ್ದು ಅದು. ಅಪ್ಪ ಮನೆಗೆ ವಾಪಸು ಬರಲಿಲ್ಲ. ಸಂಗೀತಕ್ಕೆ ಆ ವರ್ಷ ಪ್ರಶಸ್ತಿ ಬಂತು, ಯಜಮಾನರು ಹೋಗಿ ತೆಗೆದುಕೊಂಡರು.

ಈಗ ಇದು ನನ್ನ ಸ್ವಂತದ ಮೊದಲ ಸಿನಿಮಾ. ತೆರೆಯ ಮೇಲೆ ‘ಸಂಗೀತ’ ಎಂಬ ಪದದ ಕೆಳಗೆ ನನ್ನ ಹೆಸರೊಂದೇ ಬರಬೇಕು. ಉಳಿದ ಭಾಗಕ್ಕೆಲ್ಲ ನಾನು ಕೊಟ್ಟದ್ದನ್ನು ನಿರ್ದೇಶಕ ಒಪ್ಪಿಕೊಂಡಿದ್ದ. ಈ ಕೊನೆಯ ದೃಶ್ಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿ ಕೂತಿತು. ಒಂದು ಬರೆದು ಕಳಿಸಿದೆ. ಇನ್ನೊಂದು ಕಳಿಸಿದೆ. “ಚೆನ್ನಾಗಿದೆ ಮೇಡಂ. ಆದ್ರೆ ಅದರಲ್ಲಿರೋ ನೋವು ಇದರಲ್ಲಿಲ್ಲ. ಅದು ಅನುಭವಿಸಿದವರಿಗೇ ಬರೋದು, ಬಿಡಿ,” ಅಂದ. ನಾನು ಹಲ್ಲು ಕಚ್ಚಿಕೊಂಡು ಫೋನಿಟ್ಟೆ.

ಅಡುಗೆಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಳು. ಅವಳ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ಭಾವ ನನ್ನನ್ನು ಕರೆಯುವುದು ‘ಸಂಗೀತ ಸಾಮ್ರಾಜ್ಞಿ’ ಎಂದು, ಅದೂ ಕಸದ ಬುಟ್ಟಿ ಹೊರಗಿಡು ಎಂದು ಹೇಳುವಾಗ.

“ಹೇಳ್ಬಿಡೇ. ನಾನೇ ಬರ್ದಿದ್ದು ಅಂತ ಹೇಳೋಕೆ ನಿಂಗೇನು ರೋಗ?” ಅಂದಳು ಅಕ್ಕ.

“ಯಾರು ನಂಬ್ತಾರೆ? ಅವ್ರ ಹತ್ರ ಇದ್ದಷ್ಟು ದಿನ ತೆಪ್ಪಗಿದ್ದು, ಸ್ವಂತಕ್ಕೆ ಸಿನಿಮಾ ಸಿಕ್ಕ ತಕ್ಷಣ ಬಾಯಿ ಬಂತು ಅಂತಾರೆ. ಇನ್ನೊಬ್ರು ಕೆಲಸ ಕೊಡಲ್ಲ.”

“ಹಂಗಾದ್ರೆ ಅದನ್ನೇ ತಿರುವಿ ಮುರುವಿ ಕೊಡು.”

“ಕೊಟ್ರೆ ಕದ್ದಳು ಅಂತಾರೆ, ಅಕ್ಕ.”

ಅಕ್ಕ ಮಡಚಿದ ಟವೆಲನ್ನು ಮತ್ತೆ ಬಿಚ್ಚಿದಳು. “ಅಪ್ಪ ಒಳಗಿದ್ರು, ನೀನು ಹೊರಗೆ ಟಕಟಕ ಅಂತ ಒತ್ತುತಾ ಕೂತಿದ್ದೆ. ಅವತ್ತು ನಿನ್ನ ಕೆನ್ನೆಗೆ ಬಾರಿಸ್ಬೇಕು ಅನಿಸಿತ್ತು ನಂಗೆ,” ಅಂದಳು. “ಈಗ ಅದೂ ನಿಂದಲ್ಲ ಅಂದ್ರೆ ಹೆಂಗೆ?”

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೊಂದು ಬರೆದೆ. ನನ್ನನ್ನೇ ನಾನು ಅನುಕರಿಸದ ಹಾಗೆ, ಆದರೂ ನನ್ನಂತೆಯೇ ಕೇಳಿಸುವ ಹಾಗೆ ಬರೆಯಬೇಕಿತ್ತು. ಅಂಥ ಶಿಕ್ಷೆ ಶತ್ರುವಿಗೂ ಬೇಡ.

ರೆಕಾರ್ಡಿಂಗ್ ದಿನ ಬೆಳಿಗ್ಗೆ ಸ್ಟುಡಿಯೋಗೆ ಹೋದರೆ, ಗಾಜಿನ ಈಚೆ ಬದಿಯ ಸೋಫಾದಲ್ಲಿ ಯಜಮಾನರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಿರ್ದೇಶಕ ನನ್ನ ಮುಖ ನೋಡದೆ, “ಸರ್‌ನ ನಾನೇ ಕರೆದೆ ಮೇಡಂ. ಕೇಳ್ಲಿ ಅಂತ,” ಅಂದ.

“ಬೆಳೀತಿದೀಯ, ಸಂತೋಷ,” ಅಂದರು ಯಜಮಾನರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಗಾಜಿನ ಆಚೆ ವಯಲಿನ್, ವಿಯೋಲಾ, ಚೆಲ್ಲೋದವರು ಕೂತರು. ನಾನು ಅವರ ನಡುವೆ ನಿಂತು ನನ್ನ ಹೊಸ ಸಂಗೀತ ನುಡಿಸಲು ಹಚ್ಚಿದೆ. ಚೆನ್ನಾಗಿಯೇ ನುಡಿಸಿದರು. ಮುಗಿದ ಮೇಲೆ ನಿರ್ದೇಶಕ ಯಜಮಾನರ ಜೊತೆ ಒಳಗೆ ಬಂದ.

“ಬೇಜಾರು ಮಾಡ್ಕೋಬೇಡಿ ಮೇಡಂ. ಇದೊಂದು ದೃಶ್ಯ ಸರ್ ನೋಡ್ಕೊಳ್ತಾರೆ. ಆ ಹಳೇದನ್ನೇ ಬಳಸೋಕೆ ಒಪ್ಪಿದಾರೆ. ಟೈಟಲ್ ಕಾರ್ಡಲ್ಲಿ ಇಬ್ರ ಹೆಸ್ರೂ ಹಾಕೋಣ.”

ವಾದ್ಯದವರೆಲ್ಲ ತಮ್ಮ ತಮ್ಮ ಹಾಳೆ ನೋಡತೊಡಗಿದರು. ಇಬ್ಬರ ಹೆಸರು ಬಂದರೆ ಏನಾಗುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಇಡೀ ಸಿನಿಮಾ ಯಜಮಾನರದು, ಇವಳು ಎಂದಿನಂತೆ ಅರೇಂಜರ್ ಎಂದು ಲೋಕ ತೀರ್ಮಾನಿಸುತ್ತದೆ. ನಾನು ಮತ್ತೆ ಅವರು ಗುನುಗುವ ಫೋನಿನ ಈ ತುದಿಗೆ ಹೋಗಿ ಕೂರುತ್ತೇನೆ.

ವಾದ್ಯದವರಿಗೆ ಭಾವ ಹತ್ತಲಿ ಎಂದು ನಿರ್ದೇಶಕ ಆ ಹಳೆಯ ಟೆಂಪನ್ನು ಎಲ್ಲರಿಗೂ ಕೇಳಿಸಿದ. ಕೇಳುತ್ತ ಯಜಮಾನರು ಕಣ್ಣು ಮುಚ್ಚಿದರು. “ನಮ್ಮಪ್ಪನ್ನ ಆಪರೇಷನ್ನಿಗೆ ಒಳಗೆ ತಗೊಂಡು ಹೋಗಿದ್ರು,” ಅಂದರು. “ಕಾರಿಡಾರಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಕೂತು ಬರೆದಿದ್ದು. ಕೊನೇ ಸ್ವರ ಬರೆಯೋ ಹೊತ್ತಿಗೆ ಡಾಕ್ಟ್ರು ಬಂದು, ಉಳ್ಕೊಂಡ್ರು ಅಂದ್ರು.”

ಸಂಗೀತ ತೆಗೆದುಕೊಂಡರು, ಪ್ರಶಸ್ತಿ ತೆಗೆದುಕೊಂಡರು, ಈಗ ನಾನು ಅಂದು ಫೋನಿನಲ್ಲಿ ಹೇಳಿಕೊಂಡಿದ್ದ ನನ್ನ ಕುರ್ಚಿಯನ್ನೂ ಎಳೆದುಕೊಂಡರು. ಅಷ್ಟು ಸಾಲದೆಂದು ನನ್ನ ಅಪ್ಪನನ್ನು ಬದುಕಿಸಿ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಮುಂದಿನ ಸಾಲಿನ ವಯಲಿನ್‌ನವರು, ನಾವೆಲ್ಲ ಮೀಸೆ ಎಂದು ಕರೆಯುವ ಹಿರಿಯರು, ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಆ ಸಂಗೀತ ಯಾರು ಬರೆದದ್ದೆಂದು ಅವರಿಗೆ ಗೊತ್ತಿತ್ತು. ಆದರೆ ಅವರೂ ನಾಳೆ ಯಜಮಾನರಲ್ಲಿ ನುಡಿಸಬೇಕಾದವರೇ.

“ಒಂದೇ ತೊಂದ್ರೆ ಸರ್,” ಅಂದ ನಿರ್ದೇಶಕ. “ಆ ಹೆಂಗಸು ಬೀದಿ ತಿರುವಿಗೆ ಬರೋಷ್ಟರಲ್ಲಿ ನಿಮ್ಮ ಸಂಗೀತ ಮುಗಿದು ಹೋಗುತ್ತೆ. ಅವಳು ಇನ್ನೂ ನಡೀತಾನೇ ಇರ್ತಾಳೆ. ಅಲ್ಲಿಂದ ಮುಂದಕ್ಕೆ ಬೇಕು.”

“ಅದೇನು ಮಹಾ,” ಎಂದು ಯಜಮಾನರು ನನ್ನ ಪಕ್ಕದಲ್ಲೇ ಇದ್ದ ಪಿಯಾನೋದ ಮುಂದೆ ಕೂತರು.

ಮೊದಲಿನಿಂದ ನುಡಿಸಿದರು. ಬೆರಳುಗಳು ಇನ್ನೂ ಚುರುಕಾಗಿಯೇ ಇದ್ದವು. ಬೀದಿ ತಿರುವು ಬಂತು. ಅಲ್ಲಿಂದ ಒಂದು ಸಾಲು ಹಿಡಿದರು. ಅದು ಮೊದಲಿನದಕ್ಕೆ ಕೂಡಿಕೊಳ್ಳಲಿಲ್ಲ. ಬಿಟ್ಟು ಇನ್ನೊಂದು ಹಿಡಿದರು. ಅದೂ ಜಾರಿತು. ಮತ್ತೆ ಮೊದಲಿನಿಂದ ಬಂದು ಅದೇ ಜಾಗದಲ್ಲಿ ನಿಂತರು. ನಾನು ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಮುಳುಗಲಿ ಅಂದುಕೊಂಡೆ.

ಆಗ ಅವರು ತಲೆ ಎತ್ತಿ ನನ್ನ ಕಡೆ ನೋಡಿದರು. ಕಳ್ಳ ಸಿಕ್ಕಿಬಿದ್ದ ಮುಖ ಅದಾಗಿರಲಿಲ್ಲ. ತನ್ನ ಮನೆಯ ದಾರಿ ಮರೆತವನ ಮುಖ ಅದು.

“ಮುಂದೇನಮ್ಮ?” ಅಂದರು.

“ಅವರನ್ನ ಯಾಕೆ ಕೇಳ್ತೀರಿ ಸರ್?” ಅಂದ ನಿರ್ದೇಶಕ, ನಗಲು ಪ್ರಯತ್ನಿಸುತ್ತ.

ಬಾಯಿ ಬಿಟ್ಟರೆ ಈ ಊರಿನಲ್ಲಿ ನನ್ನ ಕೆಲಸ ಮುಗಿಯಬಹುದು. ಬಿಡದಿದ್ದರೆ ಇವತ್ತಿಗೇ ಮುಗಿಯಿತು.

“ಮುಂದಿನದು ಇದೆ ಸರ್,” ಅಂದೆ. “ನಿಮಗೆ ಕಳಿಸಿರ್ಲಿಲ್ಲ. ಆ ಸಿನಿಮಾಕ್ಕೆ ಅಷ್ಟು ಸಾಕಾಗಿತ್ತು. ಮಿಕ್ಕಿದ್ದನ್ನ ಅಪ್ಪನ ತಿಥಿ ಎಲ್ಲ ಮುಗಿದ ಮೇಲೆ ಬರೆದೆ.”

“ಕಾರಿಡಾರಲ್ಲಿ ಕೂತಿದ್ದು ನಾನಲ್ವಾ?” ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

“ಅಲ್ಲ ಸರ್. ನಾನು.”

“ನಿಮ್ಮಪ್ಪ?”

“ಉಳೀಲಿಲ್ಲ. ನಿಮಗೆ ಫೋನ್ ಮಾಡಿ ಹೇಳಿದ್ದೆ. ಮೊದ್ಲು ಫೈಲ್ ಕಳಿಸು, ಆಮೇಲೆ ಹೋಗು ಅಂದಿದ್ರಿ. ಕಳಿಸಿ ಹೋದೆ.”

ಯಜಮಾನರು ಪಿಯಾನೋದ ಮೇಲಿನ ತಮ್ಮ ಕೈಗಳನ್ನೇ ನೋಡುತ್ತ ಕೂತರು. “ನಮ್ಮಪ್ಪ ಹೋದಾಗ ನಾನು ರೆಕಾರ್ಡಿಂಗಲ್ಲಿದ್ದೆ,” ಅಂದರು, ಪಕ್ಕದಲ್ಲಿದ್ದ ನನಗಷ್ಟೇ ಕೇಳುವ ಹಾಗೆ. “ಆಸ್ಪತ್ರೆ ಮೆಟ್ಟಿಲೂ ಹತ್ತಿಲ್ಲ ನಾನು. ಆ ಕುರ್ಚಿಲಿ ನಾನು ಕೂತಿರಬೇಕಿತ್ತು ಕಣಮ್ಮ.”

ಅವರಿಗಾಗಿ ನಾನು ವರ್ಷಗಟ್ಟಲೆ ಕೂಡಿಟ್ಟಿದ್ದ ಬೈಗುಳಗಳಿದ್ದವು, ಒಂದಕ್ಕಿಂತ ಒಂದು ಚೂಪಾಗಿದ್ದವು. ಒಂದೂ ನಾಲಿಗೆಗೆ ಬರಲಿಲ್ಲ. ಕನಿಕರವೂ ಬರಲಿಲ್ಲ. ಅಪ್ಪ ನನಗೆ ಬೇಕಿತ್ತು, ಅಷ್ಟೇ.

“ಸ್ವಲ್ಪ ಜರುಗಿ ಸರ್. ನಾನು ಕೂರ್ಬೇಕು,” ಅಂದೆ.

ಅವರು ಎದ್ದು ಗೋಡೆಯ ಬಳಿ ಹೋಗಿ ನಿಂತರು. ನಾನು ಬೀದಿ ತಿರುವಿನಿಂದ ಮುಂದಕ್ಕೆ ನುಡಿಸಿದೆ. ಯಾರ ಕಿವಿಗೂ ಬೀಳದೆ ಉಳಿದಿದ್ದ ಸಂಗೀತ ಅದು. ಅಕ್ಕನಿಗೂ ಕೇಳಿಸಿರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಬೆರಳು ಅಲ್ಲಲ್ಲಿ ತಪ್ಪಿತು. ನಿಲ್ಲಿಸದೆ ಮುಗಿಸಿದೆ. ಮೀಸೆಯವರು ವಯಲಿನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ತಪ್ಪಾಯ್ತು. ಇನ್ನೊಂದ್ಸಲ ತಗೊಳ್ಳೋಣ,” ಅಂದೆ.

“ಬೇಡ ಮೇಡಂ,” ಅಂದ ನಿರ್ದೇಶಕ. “ಮೈಕ್ ಆನಾಗೇ ಇತ್ತು. ಇಡೀ ದೃಶ್ಯಕ್ಕೆ ಇದಿಷ್ಟೇ ಸಾಕು. ಹಳೇದು ಬೇಡವೇ ಬೇಡ.” ಆಮೇಲೆ ಗೋಡೆಯ ಕಡೆ ತಿರುಗಿ, “ಸರ್, ಕಾರ್ಡಲ್ಲಿ...” ಎಂದು ತಡವರಿಸಿದ.

“ನನ್ನ ಹೆಸ್ರು ಯಾಕಪ್ಪ ಅಲ್ಲಿ?” ಅಂದರು ಯಜಮಾನರು. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟುಹೋದರು.

ಸಿನಿಮಾ ಬಂತು. ತಪ್ಪಿದ ಸ್ವರಗಳು ಹಾಗೆಯೇ ಇವೆ, ಕಾರ್ಡಿನಲ್ಲಿ ನನ್ನ ಹೆಸರೊಂದೇ ಇದೆ. ಅದಾದ ಮೇಲೆ ಬೇರೆ ಸಿನಿಮಾಗಳೂ ಬಂದವು, ನನ್ನ ಕೈಕೆಳಗೂ ಈಗ ಅರೇಂಜರುಗಳಿದ್ದಾರೆ. ಯಜಮಾನರ ಮೇಲಿನ ಸಿಟ್ಟು ಹೋಯಿತೇನೇ ಎಂದು ಅಕ್ಕ ಆಗಾಗ ಕೇಳುತ್ತಾಳೆ. ಹೋಗಿಲ್ಲ. ಆದರೆ ಮೊನ್ನೆ ರೆಕಾರ್ಡಿಂಗ್ ಮಧ್ಯೆ ನನ್ನ ಅರೇಂಜರ್ ಹುಡುಗಿಗೆ ಅವಳ ಮನೆಯಿಂದ ಫೋನ್ ಬಂತು. ಅವಳು ನನ್ನ ಮುಖ ನೋಡಿ ಫೋನ್ ಕಟ್ ಮಾಡಲು ಹೋದಳು. “ಮೊದ್ಲು ಅದನ್ನ ತಗೋ,” ಎಂದು ಹೇಳಿ, ಕೂತಿದ್ದ ವಾದ್ಯದವರನ್ನೆಲ್ಲ ನಾನು ಹೊರಗೆ ಕಳಿಸಿದೆ.