ಅಪ್ಪನ ನೋಡೋಣ, ಅಮ್ಮನ ನೋಡೋಣ

ಶನಿವಾರ ಅಕ್ಕನ ಮೆಸೇಜು ಬಂದಾಗ, ಹಲ್ಲಿನ ಸೆಟ್ಟು ಕಟ್ಟುತ್ತಿದ್ದ ತಂಗಿಯ ಕೈಯೆಲ್ಲ ಮೇಣವಾಗಿತ್ತು. ಮೇಲಿನ ದವಡೆಗೆ ಐದು ಹಲ್ಲು ಕೂರಿಸಿಯಾಗಿತ್ತು. ಆರನೆಯದು ಸೊಟ್ಟಗೆ ಕೂತು ಹಟ ಹಿಡಿದಿತ್ತು. ಮೇಣ ಆರಿಬಿಟ್ಟರೆ ಮತ್ತೆ ಮೊದಲಿಂದ ಶುರುಮಾಡಬೇಕು. ಹಾಗಾಗಿ ಫೋನನ್ನು ಮೊಣಕೈಯಲ್ಲಿ ಹತ್ತಿರಕ್ಕೆ ಎಳೆದು, ಬಗ್ಗಿ ಓದಿದಳು.

‘ಹದಿನೆಂಟಕ್ಕೆ ಆಪರೇಷನ್. ಗಂಟಲಿನ ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರಂತೆ. ಆಮೇಲೆ ಮಾತು ಬರಲ್ಲ. ಅಷ್ಟರೊಳಗೆ ಒಂದ್ಸಲ ಬರೋಕಾಗುತ್ತಾ ನಿಂಗೆ?’

ಇನ್ನೊಮ್ಮೆ ಓದಿದಳು. ಗಂಟಲಿನ ಗೆಡ್ಡೆಯ ವಿಷಯ ತಿಂಗಳಿಂದ ಗೊತ್ತಿತ್ತು. ಆದರೆ ಔಷಧಿಯಲ್ಲೇ ವಾಸಿಯಾಗುತ್ತದೆ ಎಂದು ಅಕ್ಕ ಹೇಳುತ್ತಾ ಬಂದಿದ್ದಳು. ಅದಕ್ಕಿಂತ ಹೆಚ್ಚಾಗಿ, ಅಕ್ಕ ಏನನ್ನಾದರೂ ಕೇಳಿದ್ದು ಅವಳಿಗೆ ನೆನಪೇ ಇಲ್ಲ. ಕೊಡುವುದು, ಗದರುವುದು, ಹೇಳದೆ ಕೇಳದೆ ಪಾರ್ಸೆಲ್ ಕಳಿಸುವುದು ಅಕ್ಕನ ಕ್ರಮ. ‘ಆಗುತ್ತಾ ನಿಂಗೆ’ ಎಂಬ ಮಾತು ಅಕ್ಕನದಲ್ಲವೇನೋ ಎನ್ನುವಷ್ಟು ಹೊಸದಾಗಿತ್ತು.

ಏನಾದರೂ ಬರೆಯಲೇಬೇಕಿತ್ತು. ಅಕ್ಕ ಇರುವ ಪರದೇಶದಲ್ಲಿ ಅಂಟುಜ್ವರ ಊರಿಂದೂರಿಗೆ ಹಬ್ಬುತ್ತಿದೆ, ವಿಮಾನಗಳು ಒಂದೊಂದಾಗಿ ನಿಲ್ಲುತ್ತಿವೆ, ಇದನ್ನೆಲ್ಲ ವಿಚಾರಿಸಬೇಕು, ತನ್ನ ಮಗಳ ಹತ್ತಿರ ಮಾತಾಡಬೇಕು. ಮೇಣ ತಾಗದೆ ಉಳಿದಿದ್ದ ಕಿರುಬೆರಳಿನಲ್ಲಿ ಒಂದೇ ಒಂದು ಪದ ಒತ್ತಿದಳು. ‘ನೋಡೋಣ.’

ಒತ್ತಿ, ಆರನೆಯ ಹಲ್ಲನ್ನು ಕಿತ್ತು ಮತ್ತೆ ಕೂರಿಸತೊಡಗಿದಳು.

ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಎರಡು ಬೀದಿ ಆಚೆ ಇರುವ ಹಲ್ಲಿನ ಡಾಕ್ಟರು ಜನರ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅದರಲ್ಲಿ ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಅಚ್ಚಿನ ಮೇಲೆ ಮೇಣ ಕಟ್ಟಿ, ಮೇಣದಲ್ಲಿ ಹಲ್ಲು ಜೋಡಿಸುವುದು ಇವಳ ಪಾಲು. ಇರುವ ಎರಡು ಕೋಣೆಯಲ್ಲಿ ಮುಂದಿನದು ಕೆಲಸಕ್ಕೆ, ಹಿಂದಿನದು ಬದುಕಿಗೆ. ಗಂಡ ತೀರಿಹೋಗಿ ಒಂಬತ್ತು ವರ್ಷವಾಯಿತು. ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಹಲಗೆ ಹೊಡೆಸಿ ಅಚ್ಚುಗಳನ್ನು ಸಾಲಾಗಿ ಇಟ್ಟಿದ್ದಳು. ಬೆಳಿಗ್ಗೆ ದೀಪ ಹಾಕಿದರೆ ಮುಖವಿಲ್ಲದ ನಲವತ್ತು ಬಾಯಿಗಳು ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ಅವಳಿಗೆ ಅದು ಅಭ್ಯಾಸ. ಕೆಲವೊಮ್ಮೆ ಮಾತಾಡಿಸುತ್ತಿದ್ದಳು ಕೂಡ. ಬೇರೆ ಯಾರನ್ನು ಮಾತಾಡಿಸಬೇಕು ಆ ಹೊತ್ತಿನಲ್ಲಿ?

ವರ್ಷ ಕಳೆದ ಅಚ್ಚುಗಳನ್ನು ಒಡೆದು ಎಸೆಯುವುದು ರೂಢಿ. ಒಂದನ್ನು ಮಾತ್ರ ಎಸೆದಿರಲಿಲ್ಲ. ಅದರ ತಳದಲ್ಲಿ ಪೆನ್ಸಿಲಿನಲ್ಲಿ ‘ಅಕ್ಕ’ ಎಂದಿತ್ತು. ಆರು ವರ್ಷದ ಹಿಂದೆ, ಕೊನೆಯ ಸಲ ಬಂದಿದ್ದಾಗ, ಕೆಳಗಿನ ಮೂರು ಹಲ್ಲು ಕಟ್ಟಿಸಿಕೊಂಡು ಹೋಗಿದ್ದಳು ಅಕ್ಕ. ‘ಅಲ್ಲಿ ಹಲ್ಲಿಗೆ ಕೈ ಹಚ್ಚಿದ್ರೆ ಮನೆ ಮಾರ್ಬೇಕು ಕಣೇ. ತಂಗಿ ಇರೋದು ಮತ್ಯಾಕೆ?’ ಎಂದು ಅಗಲವಾಗಿ ಬಾಯಿ ತೆರೆದು ಕೂತಿದ್ದಳು. ಬಾಯಲ್ಲಿ ಅಳತೆಯ ತಟ್ಟೆ ಇಟ್ಟರೂ ಅಕ್ಕನ ಮಾತು ನಿಂತಿರಲಿಲ್ಲ, ಬರೀ ಗೊಳಗೊಳ ಸದ್ದು. ಇಬ್ಬರೂ ನಕ್ಕು ನಕ್ಕು ಮೊದಲ ಅಳತೆ ಕೆಟ್ಟೇಹೋಗಿತ್ತು.

ಅಕ್ಕ ಪರದೇಶದಲ್ಲಿ ಮೂವತ್ತು ವರ್ಷದಿಂದ ಮಕ್ಕಳಿಗೆ ಈಜು ಕಲಿಸುವವಳು. ಕೊಳದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ನೀರಿನೊಳಗಿದ್ದ ಮಗುವಿಗೆ ಕೇಳಬೇಕು, ಅಂಥ ಗಂಟಲು. ಆ ಗಂಟಲನ್ನೇ ಈಗ ಕತ್ತರಿಸುತ್ತಾರಂತೆ.

ಭಾನುವಾರವೆಲ್ಲ ಅವಳು ವಿಚಾರಿಸುವುದರಲ್ಲೇ ಕಳೆದಳು. ಆ ದೇಶಕ್ಕೆ ಈಗ ವಾರಕ್ಕೊಂದೇ ವಿಮಾನ, ಬುಧವಾರದ್ದು. ಅದೂ ಮುಂದಿನ ವಾರ ಇರುತ್ತದೆಂದು ಯಾರೂ ಹೇಳರು. ಇಳಿದವರನ್ನು ಹತ್ತು ದಿನ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಈ ಬುಧವಾರ ಆರನೇ ತಾರೀಕು. ಆರಕ್ಕೆ ಇಳಿದರೆ ಹದಿನಾರರ ಬೆಳಿಗ್ಗೆ ಬಿಡುತ್ತಾರೆ. ಹದಿನೇಳರ ಮಧ್ಯಾಹ್ನ ಅಕ್ಕ ಆಸ್ಪತ್ರೆ ಸೇರಬೇಕು. ಬೆರಳು ಮಡಿಸಿ ಎಣಿಸಿದಳು. ಒಂದೂವರೆ ದಿನ. ವೀಸಾ ಹೋದ ವರ್ಷ ಮಾಡಿಸಿದ್ದು ಇನ್ನೂ ಎರಡು ತಿಂಗಳಿಗಿತ್ತು. ಆಗ ಹೊರಟಿದ್ದಳು, ಮಗಳ ಹೆರಿಗೆ ಅಡ್ಡ ಬಂದಿತ್ತು.

ಸೋಮವಾರ ಬೆಳಿಗ್ಗೆ ತಯಾರಾದ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋದಳು. ಕಾಯುವ ಬೆಂಚು ಖಾಲಿ ಹೊಡೆಯುತ್ತಿತ್ತು. ಜ್ವರ ಇಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಅಷ್ಟೇ, ಆದರೂ ಜನ ಬಾಯಿ ತೆರೆಯಲು ಹೆದರುತ್ತಿದ್ದರು.

“ಬನ್ನಿ ಹಲ್ಲಮ್ಮಾ,” ಎಂದರು ಡಾಕ್ಟರು. ಇಪ್ಪತ್ತು ವರ್ಷದಿಂದ ಅವರ ಬಾಯಲ್ಲಿ ಅವಳಿಗೆ ಅದೇ ಹೆಸರು. “ಇನ್ನು ನಮ್ಮಿಬ್ಬರ ಕಸುಬೂ ಮುಗೀತು ನೋಡಿ. ಎಲ್ರೂ ಮಾಸ್ಕ್ ಹಾಕ್ಕೊಂಡ್ಮೇಲೆ ಹಲ್ಲಿದ್ರೆಷ್ಟು, ಬಿಟ್ರೆಷ್ಟು?”

“ಊಟಕ್ಕಾದ್ರೂ ತೆಗೀತಾರಲ್ಲ ಡಾಕ್ಟ್ರೇ.”

“ಊಟ ಮಾಡುವಾಗ ಯಾರು ಹಲ್ಲು ನೋಡ್ತಾರ್ರೀ?”

ಅವಳು ಅಕ್ಕನ ವಿಷಯ ಹೇಳಿದಳು. ಡಾಕ್ಟರು ನಗು ನಿಲ್ಲಿಸಿ ಕನ್ನಡಕ ತೆಗೆದಿಟ್ಟರು.

“ನೀವು ಹೋದ್ರೂ ಆಸ್ಪತ್ರೆ ಒಳಗೆ ಬಿಡಲ್ಲ. ಈ ಟೈಮಲ್ಲಿ ರೋಗಿ ಜೊತೆಗೆ ಒಬ್ಬರನ್ನ ಬಿಟ್ರೆ ಹೆಚ್ಚು. ಅದೂ ಮೊದಲೇ ಹೆಸರು ಕೊಟ್ಟಿರ್ಬೇಕು.” ಸೆಟ್ಟಿನ ಡಬ್ಬಿ ಎತ್ತಿಕೊಳ್ಳುತ್ತಾ, “ನನ್ನ ಕೇಳಿದ್ರೆ ಹೋಗ್ಬೇಡಿ ಅಂತೀನಿ. ಆದ್ರೆ ನಂಗೆ ಅಕ್ಕ ಇಲ್ಲ,” ಎಂದರು.

ಮಧ್ಯಾಹ್ನ ಮಗಳು ಹತ್ತು ತಿಂಗಳ ಮಗುವನ್ನು ಕಂಕುಳಲ್ಲಿ ಹೊತ್ತು ಬಂದಳು. ವಾರಕ್ಕೆ ಮೂರು ಮಧ್ಯಾಹ್ನ ಮಗು ಅಜ್ಜಿಯ ಪಾಲು. ಬ್ಯಾಗು ಇಳಿಸುವ ಮೊದಲೇ ಮಗಳು ಶುರುಮಾಡಿದಳು.

“ಅಮ್ಮಾ, ನಿನ್ನೆ ಫೋನಲ್ಲಿ ಏನೋ ಅಂದ್ಯಲ್ಲ, ಅದು ತಮಾಷೆ ತಾನೇ?”

“ತಮಾಷೆ ಯಾಕೆ? ದೊಡ್ಡಮ್ಮ ಕರೆದಿದ್ದಾಳೆ.”

“ಎಲ್ರೂ ಆ ದೇಶದಿಂದ ಓಡಿ ಬರ್ತಿದಾರೆ. ನೀನೊಬ್ಳು ಒಳಗೆ ನುಗ್ತೀನಿ ಅಂತೀಯ. ಹತ್ತು ದಿನ ರೂಮಲ್ಲಿ ಕೂತು ಏನ್ ಮಾಡ್ತೀಯ?”

“ಫೋನಲ್ಲಿ ಮಾತಾಡ್ತೀನಿ.”

“ಫೋನಲ್ಲಿ ಮಾತಾಡೋಕೆ ಅಲ್ಲಿವರೆಗೆ ಹೋಗ್ಬೇಕಾ? ಇಲ್ಲಿಂದ್ಲೇ ಮಾತಾಡು. ರೆಕಾರ್ಡ್ ಮಾಡಿಟ್ಕೋ, ಎಷ್ಟು ಬೇಕೋ ಅಷ್ಟು ಕೇಳ್ಬಹುದು.”

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಗು ಕೆಳಗಿನ ಹಲಗೆಯಿಂದ ಒಂದು ಅಚ್ಚನ್ನು ಎಳೆದು ಬಾಯಿಗಿಟ್ಟುಕೊಂಡಿತ್ತು. ಬಿಡಿಸಿಕೊಂಡಾಗ ಅದರ ಎರಡು ಹೊಸ ಹಲ್ಲಿನ ಗುರುತು ಪ್ಲಾಸ್ಟರಿನ ಅಂಚಿಗೆ ಎಂಜಲಾಗಿ ಅಂಟಿತ್ತು.

“ಅಲ್ಲಿ ನಿಂಗೇ ಜ್ವರ ಬಂದ್ರೆ?” ಮಗಳ ಧ್ವನಿ ಇಳಿದಿತ್ತು. “ನಾನು ಬರೋಕಾಗುತ್ತಾ? ಇದನ್ನ ಬಿಟ್ಟು?”

“ನೀನು ಬರ್ಬೇಡ.”

“ಎಷ್ಟು ಸುಲಭವಾಗಿ ಹೇಳ್ತೀಯಮ್ಮಾ!”

ಮಗಳು ಕೆಲಸಕ್ಕೆ ಹೋದಳು. ಮಗು ಮಲಗಿತು. ಅವಳು ತೊಟ್ಟಿಲ ಪಕ್ಕದಲ್ಲಿ ಕೂತು, ಹೋಗದಿರುವುದಕ್ಕೆ ಇರುವ ಕಾರಣಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಜೋಡಿಸಿದಳು. ಎಲ್ಲವೂ ಸರಿಯಾಗಿ ಕೂತವು. ಒಂದೂ ಅಲುಗುವಂತಿರಲಿಲ್ಲ. ಅಕ್ಕನಿಗೆ ಹೇಗೆ ಹೇಳುವುದು ಎನ್ನುವುದಷ್ಟೇ ಉಳಿದಿತ್ತು.

ಆಗ ಫೋನು ಸಣ್ಣಗೆ ಗುಂಯ್‌ಗುಟ್ಟಿತು.

‘ಆಸ್ಪತ್ರೆಯವರಿಗೆ ಪಕ್ಕದ ಮನೆಯಾಕೆ ಹೆಸರು ಕೊಟ್ಟೆ. ಪಾಪ, ಒಪ್ಕೊಂಡ್ಲು. ಬೇಜಾರು ಮಾಡ್ಕೋಬೇಡ ಇಲಿ. ನಿಂಗೂ ಕಷ್ಟ ಇರುತ್ತೆ.’

ಚಿಕ್ಕಂದಿನಲ್ಲಿ ಪೆನ್ಸಿಲ್ ಕಡಿಯುತ್ತಿದ್ದವಳೆಂದು ಅಕ್ಕ ಇಟ್ಟ ಹೆಸರು, ಇಲಿ. ಈಗ ಹಾಗೆ ಕರೆಯುವವರು ಭೂಮಿಯ ಮೇಲೆ ಒಬ್ಬರೇ.

ತಾನು ಬರುವುದಿಲ್ಲವೆಂದು ಅಕ್ಕನಿಗೆ ಹೇಳಿದವರು ಯಾರು? ಮಗಳೇನಾದರೂ ಮೂಗು ತೂರಿಸಿದಳೇ? ಹಿಂದಿನ ಮೆಸೇಜುಗಳನ್ನು ಮೇಲಕ್ಕೆ ಸರಿಸಿದಳು. ತನ್ನದೇ ಪದ ಒಂಟಿಯಾಗಿ ಕೂತಿತ್ತು. ‘ನೋಡೋಣ.’ ಓದುತ್ತಿದ್ದಂತೆ ಅದು ಅಪ್ಪನ ಧ್ವನಿಯಲ್ಲಿ ಕೇಳಿಸಿತು.

ಅವರ ಮನೆಯಲ್ಲಿ ಎರಡು ನೋಡೋಣಗಳಿದ್ದವು. ಶಾಲೆಯ ಪ್ರವಾಸಕ್ಕೆ, ಹೊಸ ಚಪ್ಪಲಿಗೆ, ಸರ್ಕಸ್ಸಿಗೆ, ಯಾವುದಕ್ಕೆ ಕೇಳಿದರೂ ಅಪ್ಪ ಪೇಪರು ಮಡಚದೆ ಹೇಳುತ್ತಿದ್ದದ್ದು ಒಂದು. ಚಿಕ್ಕದು, ಚಿಲಕ ಬಿದ್ದ ಹಾಗೆ. ಅದರರ್ಥ ಇಲ್ಲ. ಇನ್ನೊಂದು ಅಮ್ಮನದು. ಜಡೆ ಹೆಣೆಯುತ್ತಾ, ನಡುವಿನ ಅಕ್ಷರವನ್ನು ಎಳೆದು, ‘ನೋಡೋ…ಣ’ ಎಂದರೆ ಒಂದು ವಾರದೊಳಗೆ ಹೇಗೋ ಆ ವಸ್ತು ಮನೆಗೆ ಬರುತ್ತಿತ್ತು. ‘ಯಾವ ನೋಡೋಣವೇ?’ ‘ಅಮ್ಮಂದು!’ ಎಂದು ಅಕ್ಕತಂಗಿಯರು ಹಿತ್ತಲಲ್ಲಿ ಕುಣಿದದ್ದುಂಟು. ಅಕ್ಕನಿಗೆ ಹದಿನಾಲ್ಕಾಗಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಉಳಿದದ್ದು ಒಂದೇ ನೋಡೋಣ.

ಅಲ್ಲಿ ಈಗ ಬೆಳಗಿನ ಹೊತ್ತು. ಮಗು ಏಳದಂತೆ ಮುಂದಿನ ಕೋಣೆಗೆ ಬಂದು ಫೋನು ಮಾಡಿದಳು.

“ಏನೇ ಇಲಿ, ಕೆಲಸದ ಹೊತ್ತಲ್ಲಿ?” ಅಕ್ಕನ ಧ್ವನಿ ಮರಳಿನ ಮೇಲೆ ಪಾತ್ರೆ ಎಳೆದಂತಿತ್ತು. ವಾರದ ಹಿಂದೆ ಇಷ್ಟು ಕೆಟ್ಟಿರಲಿಲ್ಲ.

“ಪಕ್ಕದ ಮನೆಯಾಕೆ ಹೆಸರು ಯಾಕೆ ಕೊಟ್ಟೆ?”

“ಇವತ್ತೇ ಕೊಡ್ಬೇಕು ಅಂದ್ರು. ನೀನು ಬರಲ್ಲ ಅಂದ್ಯಲ್ಲ.”

“ನಾನೆಲ್ಲಿ ಅಂದೆ?”

“ನೋಡೋಣ ಅಂದೆ.”

“ಅಯ್ಯೋ, ಕೈಯೆಲ್ಲ ಮೇಣ ಆಗಿತ್ತು ಅಕ್ಕ. ಅದು ಅಪ್ಪಂದಲ್ಲ.”

“ಮತ್ತೆ ಯಾರ್ದು?”

ಯಾರದೆಂದು ಅವಳಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ಹಿಂದೆ ತೊಟ್ಟಿಲ ಪಕ್ಕ ಕೂತು ತಾನು ಜೋಡಿಸಿದ್ದು ಅಪ್ಪನದನ್ನೇ ಅಲ್ಲವೇ? ಅಕ್ಕ ಓದಿಕೊಂಡದ್ದರಲ್ಲಿ ತಪ್ಪೇನಿತ್ತು?

“ಅಮ್ಮಂದೂ ಒಂದಿತ್ತು,” ಎಂದಳು ಕೊನೆಗೆ.

“ಇತ್ತಲ್ವಾ? ಮರೆತೇ ಹೋಗಿತ್ತು ಕಣೇ,” ಎಂದಳು ಅಕ್ಕ. ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ದೊಡ್ಡವರ ಧಾಟಿ ಹಿಡಿದಳು. “ಕೇಳಿಲ್ಲಿ. ನಮ್ಮ ಬೀದೀಲೇ ನಾಲ್ಕು ಮನೆಗೆ ಜ್ವರ ಬಂದಿದೆ. ಕೊಳ ಖಾಲಿ ಮಾಡಿ ಬೀಗ ಹಾಕಿದಾರೆ. ನಿನ್ನನ್ನ ಹತ್ತು ದಿನ ಕೂಡಿಹಾಕ್ತಾರೆ. ಆಸ್ಪತ್ರೆಗೂ ಬಿಡಲ್ಲ. ವಾಪಸ್ ಯಾವಾಗ ಹೋಗ್ತೀಯೋ ದೇವರಿಗೇ ಗೊತ್ತು. ಒಂದು ದಿನದ ಮಾತಿಗೆ ಯಾಕೆ ಇಷ್ಟು?”

“ಒಂದೂವರೆ ದಿನ.”

“ಹೂಂ, ಲೆಕ್ಕಾನೂ ಹಾಕಿದೀಯ. ಎಲ್ಲಾ ಸರಿಹೋಗ್ಲಿ, ಆಮೇಲೆ ಬಾ. ನೋಡೋಣ.”

“ಯಾವ ನೋಡೋಣ ಅಕ್ಕ?”

ಆ ಕಡೆ ಎಲ್ಲೋ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದಾಳೆ ಎಂದು ಅವಳಿಗೆ ಗೊತ್ತಾಯಿತು. ಆಮೇಲೆ, ಬಹಳ ಮೆಲ್ಲಗೆ, ಅಕ್ಕ ಆ ಪದವನ್ನು ಎತ್ತಿಕೊಂಡಳು. “ನೋಡೋ…” ಅಮ್ಮನಂತೆ ಎಳೆಯಲು ಹೋದಳು. ಅರ್ಧದಲ್ಲೇ ಧ್ವನಿ ಒಡೆಯಿತು. ಕೊಳದ ಆ ತುದಿ ಮುಟ್ಟುತ್ತಿದ್ದ ಗಂಟಲು ಒಂದು ಅಕ್ಷರವನ್ನು ದಾಟಲಾರದೆ ನಿಂತಿತು. ಎಂಜಲು ನುಂಗಿದ ಸದ್ದಾಯಿತು. ಮತ್ತೆ ಮೊದಲಿಂದ ಶುರುಮಾಡಿದಳು. ಮತ್ತೆ ಒಡೆಯಿತು.

“ಸಾಕು ಅಕ್ಕ,” ಎಂದಳು. “ಗೊತ್ತಾಯ್ತು.”

ಫೋನಿಟ್ಟ ಮೇಲೆ ಬುಧವಾರದ ಟಿಕೆಟ್ಟು ತೆಗೆದಳು. ಸೀಟುಗಳ ಚಿತ್ರದಲ್ಲಿ ಹೆಚ್ಚಿನವು ಖಾಲಿಯಿದ್ದವು. ಹಲ್ಲು ಉದುರಿದ ದವಡೆಯ ಹಾಗೆ ಕಂಡು ಅವಳಿಗೆ ಬೇಡದ ಹೊತ್ತಿನಲ್ಲಿ ನಗು ಬಂತು. ಕಿಟಕಿಯ ಪಕ್ಕದ ಒಂದನ್ನು ಒತ್ತಿದಳು.

ಸಂಜೆ ಮಗಳು ಬಂದಾಗ ಹೊರಡುವ ವಿಷಯವನ್ನು ಅವಳು ಬಾಗಿಲಲ್ಲೇ ಹೇಳಿಬಿಟ್ಟಳು, ಒಳಗೆ ಕರೆದು ಕೂರಿಸಿ ಹೇಳಿದರೆ ಧೈರ್ಯ ಸೋರಿಹೋದೀತೆಂದು.

ಮಗಳು ಕೂಗಾಡಲಿಲ್ಲ. ಮಗುವಿನ ಟೋಪಿ, ಹಾಲಿನ ಬಾಟಲಿ, ಒಂದು ಕಾಲುಚೀಲ ಎಲ್ಲವನ್ನೂ ಬ್ಯಾಗಿಗೆ ತುಂಬಿದಳು. ಇನ್ನೊಂದು ಕಾಲುಚೀಲ ಸಿಗಲಿಲ್ಲ. ಮಂಚದ ಕೆಳಗೆ ಬಗ್ಗಿ ಹುಡುಕುತ್ತಾ, ಮುಖ ತೋರಿಸದೆಯೇ ಕೇಳಿದಳು. “ಯಾವಾಗ ವಾಪಸ್?”

“ವಿಮಾನ ಸಿಕ್ಕಾಗ.”

“ಬಂದ ತಕ್ಷಣ ಇವನನ್ನ ಎತ್ಕೊಳ್ಳೋ ಹಾಗಿಲ್ಲ.”

“ಗೊತ್ತು. ಎಷ್ಟು ದಿನ ದೂರ ಇರ್ಬೇಕು?”

“ನೋಡೋಣ,” ಎಂದಳು ಮಗಳು.

ಅವಳು ಕಿವಿಗೊಟ್ಟಳು. ಅದು ಅಪ್ಪನದಾಗಿರಲಿಲ್ಲ, ಅಮ್ಮನದೂ ಅಲ್ಲ. ಆ ಮನೆಯನ್ನೇ ಕಾಣದವಳು ಈ ಹುಡುಗಿ. ಇವಳ ನೋಡೋಣಕ್ಕೆ ಏನರ್ಥವೆಂದು ತಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಗಳು ಮೆಟ್ಟಿಲಿಳಿದಿದ್ದಳು. ಅವಳ ಹೆಗಲ ಮೇಲಿಂದ ಮಗು ಒಂದೇ ಕಾಲುಚೀಲದ ಕಾಲು ಆಡಿಸುತ್ತಾ ಅಜ್ಜಿಯನ್ನೇ ನೋಡುತ್ತಿತ್ತು.

ಬುಧವಾರದೊಳಗೆ ಮುಗಿಸಿ ಕೊಡಬೇಕಾದ ಬಾಯಿಗಳು ಇನ್ನೂ ಎರಡಿದ್ದವು. ಸ್ಪಿರಿಟ್ ದೀಪ ಹಚ್ಚಿದಳು. ಮೇಣ ಕರಗುವವರೆಗೆ ಹಲಗೆಯಿಂದ ಅಕ್ಕನ ಅಚ್ಚನ್ನು ತೆಗೆದು, ಒದ್ದೆ ಬಟ್ಟೆಯಲ್ಲಿ ಆರು ವರ್ಷದ ಧೂಳು ಒರೆಸಿದಳು. ಅದನ್ನು ಜೊತೆಗೆ ಒಯ್ಯುವ ಅಗತ್ಯವೇನೂ ಇರಲಿಲ್ಲ, ಹೊರಟಿದ್ದು ಅಕ್ಕನ ಹತ್ತಿರಕ್ಕೇ. ಒರೆಸಿ, ಅದಿದ್ದ ಜಾಗದಲ್ಲೇ ಇಟ್ಟು, ಕೆಲಸಕ್ಕೆ ಕೂತಳು.