ಮೂರು ಪ್ಲೇಟು, ಆರು ಮಗ್ಗಲು

ಚಪ್ಪಲಿ ಬಿಟ್ಟು ಒಂದು ಕಾಲನ್ನು ಹೊಸ್ತಿಲೊಳಗೆ ಇಟ್ಟಿದ್ದ ಮದರಸಾಬ ಅದನ್ನು ಹಿಂದಕ್ಕೆ ತೆಗೆದು ಮತ್ತೆ ಚಪ್ಪಲಿ ಮೆಟ್ಟಿದ. ಒಳಗೆ ಪಡಸಾಲೆಯಲ್ಲಿ ಅರ್ಜುನಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ, ತಲೆ ವಾಲದಂತೆ ಗೂಟಕ್ಕೆ ಕಟ್ಟಿದ ಬಿಳಿ ಅರಿವೆ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಅದು ಅವನಿಗೆ ಗೊತ್ತಿದ್ದದ್ದೇ. ಆದರೂ ಕಾಲು ಮುಂದೆ ಬರಲೊಲ್ಲದು.

"ಒಳಗ ಬರ್ರಿ ಸಾಬ್ರ," ಅಂದಳು ನೆರೆಮನೆಯ ಫಕೀರವ್ವ. "ಹೊಸ್ತಿಲದಾಗ ನಿಂತು ಯಾರ ದಾರಿ ಕಾಯ್ತೀರಿ?"

ಕಟ್ಟೆಯ ಮೇಲೆ ಕೂತಿದ್ದ ಗೋಣೆಪ್ಪ ತಲೆ ಎತ್ತಿದ. ಸತ್ತವನ ಅಣ್ಣ ಅವನು. ಮಾತು ಅಂದರೆ ಮೊದಲಿನಿಂದಲೂ ಹಸಿ ಮೆಣಸಿನಕಾಯಿ.

"ಜೀವ ಇದ್ದಾಗ ಬರಲಿಲ್ಲ. ಈಗ ಯಾಕ ಬಂದೀ ಮದರಸಾಬ?"

"ಮಣ್ಣು ಕೊಟ್ಟು ಹೋಗ್ತೇನಿ, ಗೋಣೆಪ್ಪ."

"ಮಣ್ಣು ಕೊಡಾಕ ಪುರಸೊತ್ತೈತಿ. ಮಾತಾಡಾಕ ಇದ್ದಿದ್ದಿಲ್ಲ, ಅಲ್ಲಾ?"

ಗಜೇಂದ್ರಗಡದಲ್ಲಿ ಮದರಸಾಬನ ಸೈಕಲ್ ಅಂಗಡಿ. ಅಲ್ಲಿಂದ ಈ ಪುರ್ತಗೇರಿಗೆ ಸೈಕಲ್ ಮೇಲೆ ಬಂದರೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ. ಆ ದಾರಿ ತುಳಿಯದೆ ಎಷ್ಟೋ ವರ್ಷ ಹಟ ಹಿಡಿದು ಕೂತವನು ತಾನೇ. ಬೆಳಿಗ್ಗೆ ಸಂತೆಗೆ ಬಂದವರು ಸುದ್ದಿ ಹೇಳಿದಾಗ ಕೈಯಲ್ಲಿದ್ದ ಪಾನಾ ಕಾಲ ಮೇಲೆ ಬಿದ್ದದ್ದೂ ಅವನಿಗೆ ಗೊತ್ತಾಗಿರಲಿಲ್ಲ. ಅಂಗಡಿ ಬಾಗಿಲು ಹಾಕದೆ ಹಾಗೇ ಬಂದಿದ್ದ. ಅರ್ಜುನಪ್ಪನ ಹೆಂಡತಿ ರೇಣವ್ವ ತನ್ನನ್ನು ಕಂಡು ಏನಂದಾಳು ಎಂಬ ಒಂದೇ ಅಂಜಿಕೆ ಅವನನ್ನು ಈಗ ಹೊಸ್ತಿಲಿಗೆ ಕಟ್ಟಿಹಾಕಿತ್ತು.

*

ಎರಡನೆಯ ದೊಡ್ಡ ಲಡಾಯಿಯ ಕಾಲಕ್ಕೆ ಮದರಸಾಬ, ಅರ್ಜುನಪ್ಪ ಇಬ್ಬರೂ ಫೌಜಿನ ಲಾರಿ ಹೊಡೆಯುತ್ತ ಬೈರೂತಿನವರೆಗೆ ಹೋಗಿದ್ದರು. ಫ್ರೆಂಚರ ಆಳಿಕೆಯ ಊರು. ಸಮುದ್ರದ ದಂಡೆಯ ಓಣಿಯಲ್ಲಿ ಒಬ್ಬ ಮುದುಕಿಯ ಅಂಗಡಿ, ಅದರ ತುಂಬ ಗ್ರಾಮಫೋನಿನ ಪ್ಲೇಟುಗಳು. ಒಂದು ಸಂಜೆ ಅಲ್ಲಿಂದ ಬಂದ ಸಂಗೀತಕ್ಕೆ ಅರ್ಜುನಪ್ಪ ನಡುದಾರಿಯಲ್ಲೇ ಲಾರಿ ನಿಲ್ಲಿಸಿಬಿಟ್ಟ. ಹಾಡಿಲ್ಲ, ಮಾತಿಲ್ಲ, ನೂರಾರು ಮಂದಿ ಕೂಡಿ ಪಿಟೀಲು, ಕೊಳಲು, ಕಹಳೆ ಬಾರಿಸುವ ಮೇಳ. ಮುದುಕಿ ಮುರುಕು ಹಿಂದೂಸ್ತಾನಿಯಲ್ಲಿ, ಉಳಿದದ್ದು ಕೈಸನ್ನೆಯಲ್ಲಿ ಹೇಳಿದಳು: ಇದು ಫ್ರಾನ್ಸಿನ ಕುಣಿತದ ಆಟದ್ದು. ಮಾತಿಲ್ಲದ ಬಯಲಾಟ ಅನ್ನಿ. ಒಬ್ಬ ಕುರಿ ಕಾಯುವವ, ಅವನ ಹುಡುಗಿ, ಒಂದು ಬಿರುಗಾಳಿ. ಕಡೆಗೆ ಏನಾಯಿತು ಎಂದು ಕೇಳುವಷ್ಟರಲ್ಲಿ ಹಿಂದಿನ ಲಾರಿಗಳವರು ಹಾರ್ನ್ ಹೊಡೆದು ಕಿವಿ ಕಿತ್ತರು.

ಅದೇ ಆಟವನ್ನು ಎರಡು ಬೇರೆ ಬೇರೆ ಮೇಳಗಳು ಬಾರಿಸಿದ ಎರಡು ಕಟ್ಟು ಅಂಗಡಿಯಲ್ಲಿದ್ದವು. ಕಟ್ಟಿಗೆ ಮೂರು ಪ್ಲೇಟು, ಆರು ಮಗ್ಗಲು. ಮುದುಕಿಯ ಸಂಗಡ ವ್ಯವಹಾರ ಮಾತಾಡಿದವನು ಮದರಸಾಬ. ಕೆಂಪು ರಟ್ಟಿನದನ್ನು ತಾನಿಟ್ಟುಕೊಂಡು ನೀಲಿ ರಟ್ಟಿನದನ್ನು ಗೆಳೆಯನ ಕೈಗೆ ಕೊಟ್ಟ. ಯಾಕೆ ಹಾಗೆ ಅಂದರೆ ಅವನಿಗೂ ಗೊತ್ತಿಲ್ಲ. ಕೈಗೆ ಯಾವುದು ಮೊದಲು ಸಿಕ್ಕಿತೋ ಅದು.

ಊರಿಗೆ ಬಂದ ಮೇಲೆ ಅರ್ಜುನಪ್ಪ ಹುಬ್ಬಳ್ಳಿಯಿಂದ ಕೀಲಿ ಕೊಡುವ ಹಳೆಯ ಗ್ರಾಮಫೋನ್ ಪೆಟ್ಟಿಗೆ ತಂದ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಆ ದಿನ ಮದರಸಾಬ ತನ್ನ ಕೆಂಪು ಕಟ್ಟನ್ನು ಸೈಕಲ್ಲಿಗೆ ಬಿಗಿದು ಬರುವನು. ಒಮ್ಮೆ ಇವನದು, ಒಮ್ಮೆ ಅವನದು, ಹೊತ್ತು ಮುಳುಗುವತನಕ ತೂಗಿ ನೋಡುವುದೇ ಕೆಲಸ. ಕೆಂಪು ಮೇಳ ಅವಸರದ್ದು, ಮೋಡ ಕಂಡು ಕೂರಿಗೆ ಎಳೆದವರ ಹಾಗೆ. ನೀಲಿ ಮೇಳ ಸಾವಕಾಶದ್ದು. ಇದರಲ್ಲಿ ಕಹಳೆ ಜೋರು, ಅದರಲ್ಲಿ ಕೊಳಲು ಮೆತ್ತಗೆ. "ಹುಚ್ಚರಿಬ್ಬರು ಕೂಡಿ ಏನ ಕೇಳ್ತಾವೋ ಶಿವನ ಬಲ್ಲ," ಎಂದು ಓಣಿಯವರು ನಗುತ್ತಿದ್ದರು. ರೇಣವ್ವ ಮಾತ್ರ ತಿನ್ನಲು ಮಂಡಾಳ ಒಗ್ಗರಣೆ ಹಾಕಿ ತಂದಿಟ್ಟು ಬಾಗಿಲ ಸಂದಿಯಲ್ಲಿ ನಿಂತು ತಾನೂ ಕೇಳುತ್ತಿದ್ದಳು.

ಆದರೆ ಒಂದು ತಕರಾರು ಬಗೆಹರಿಯಲಿಲ್ಲ. ಕೆಂಪು ಕಟ್ಟಿನಲ್ಲಿ ಬಿರುಗಾಳಿ ಕಳೆದು, ಕಡೆಯ ಮಗ್ಗಲಿನಲ್ಲಿ ಬೆಳಗಾಗುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ ಸೂರ್ಯ ಹುಟ್ಟಿದ್ದು ಕಾಣುತ್ತಿತ್ತು. ನೀಲಿ ಕಟ್ಟಿನಲ್ಲಿ ಎರಡನೆಯ ಮಗ್ಗಲಿಗೇ ಬೆಳಗಾಗಿ, ಆಮೇಲೆ ಕತ್ತಲೆ, ಗಾಳಿ, ಮತ್ತೆ ಕತ್ತಲೆಯಲ್ಲೇ ಆಟ ಮುಗಿಯುತ್ತಿತ್ತು. ಚೀಟಿಯ ಮೇಲಿನ ಅಕ್ಷರ ಫ್ರೆಂಚರದು. ಓದುವವರು ಯಾರು?

"ನಿನ್ನದರಾಗ ಹುಡುಗಿ ಸಿಗತಾಳ, ನನ್ನದರಾಗ ಕತ್ತಲದಾಗ ಕಳಕೊಂಡು ಹೋಗತಾಳ," ಅಂದ ಅರ್ಜುನಪ್ಪ ಒಂದು ಸೋಮವಾರ. "ಆಟ ಒಂದ ಇದ್ದಮ್ಯಾಲೆ ಇದು ಹ್ಯಾಂಗಪಾ?"

"ನಿನ್ನ ಮೇಳದವರು ಆಟಾ ಕೆಡಿಸ್ಯಾರ. ಅವರಿಗೆ ಬುದ್ಧಿ ಇಲ್ಲ."

ಮದರಸಾಬ ನಕ್ಕೇ ಹೇಳಿದ್ದ. ಅರ್ಜುನಪ್ಪ ನಗಲಿಲ್ಲ.

"ಕೆಡಿಸಿದ್ದು ನಿನಗ ಆವತ್ತ ಗೊತ್ತಿತ್ತು. ಮುದುಕಿ ಕೂಡ ಪಿಸುಪಿಸು ಮಾತಾಡಿದಾವ ನೀನು. ಚಲೋದು ನೀ ಇಟಗೊಂಡು ಅಡ್ಡ ಮಾಲು ನನಗ ಕಟ್ಟಿದಿ."

"ಅರ್ಜುನಾ, ಒಂದ ತಾಟಿನಾಗ ಉಂಡಾವ ನೀನು. ತಿಳದು ಮಾತಾಡು."

"ಉಂಡಾವಗನ ಮೋಸ ಮಾಡಿದಿ ಅಂತೇನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮದರಸಾಬ ತನ್ನ ಪ್ಲೇಟುಗಳನ್ನು ರಟ್ಟಿನೊಳಗೆ ಸೇರಿಸಿ ಎದ್ದು ಹೋದ. ಗುಂಡು ಹಾರುವ ದಾರಿಯಲ್ಲಿ ಜೊತೆಗಿದ್ದವನು ತನ್ನನ್ನು ಮೋಸಗಾರ ಅಂದನಲ್ಲ ಎಂಬ ಉರಿ ಅವನ ಹೊಟ್ಟೆಯಲ್ಲಿ ಆರಲೇ ಇಲ್ಲ.

*

"ಅಣ್ಣಾ, ಬಂದ್ರೇನು?"

ರೇಣವ್ವ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ದನಿ ಕೂತಿತ್ತು. ಮದರಸಾಬ ಮತ್ತೆ ಚಪ್ಪಲಿ ಬಿಟ್ಟು, ತಲೆಯ ಟೊಪ್ಪಿಗೆ ಕೈಯಲ್ಲಿ ಹಿಡಿದು ಒಳಗೆ ಬಂದ.

"ತಪ್ಪಾತು ತಂಗೆವ್ವ. ನೀ ಹೇಳಿ ಕಳಿಸಿದಾಗ ಬರಬೇಕಿತ್ತು."

ಹೇಳಿ ಕಳಿಸಿದ್ದು ಒಂದು ಸಲವಲ್ಲ. ಹೋದ ಸುಗ್ಗಿಯಿಂದ ಸಂತೆಗೆ ಬರುವವರ ಬಾಯಲ್ಲೆಲ್ಲ ಅದೇ ಮಾತು: 'ಒಮ್ಮೆ ಬಂದು ಪ್ಲೇಟು ಕೇಳಿ ಹೋಗಬೇಕಂತ.' ಮದರಸಾಬನ ಹೆಂಡತಿ ಕಾಶೀಂಬಿ, "ಹೋಗಿ ಬರ್ರಲ್ಲ, ಅವರಿಗೆ ಮೈಯಾಗ ಆರಾಮಿಲ್ಲಂತ," ಎಂದು ಎಷ್ಟು ಹೇಳಿದಳು. "ಮತ್ತ ಮೋಸಗಾರ ಅನಿಸಿಕೊಳ್ಳಾಕ ಹೋಗಲೇನು? ಪ್ಲೇಟು ಕೇಳಂದ್ರ ಏನು, ಒಪ್ಪಿಕೊ ಅಂದಂಗ," ಎಂದು ಅವಳ ಬಾಯಿ ಮುಚ್ಚಿಸಿದ್ದ.

"ತಪ್ಪು ಒಪ್ಪಿನ ಮಾತು ಬ್ಯಾಡ," ಅಂದಳು ರೇಣವ್ವ. "ಕೂಡ್ರಿ. ಇವರನ್ನ ಎತ್ತೂದರಾಗ ಪ್ಲೇಟು ಕೇಳಿ ಬಿಡ್ರಿ."

ಅವಳು ಪೆಟ್ಟಿಗೆ ಹೊತ್ತು ತಂದು ಗಂಡನ ಮುಂದೆ ಇಟ್ಟಾಗ ಪಡಸಾಲೆಯಲ್ಲಿದ್ದವರು ಮುಖ ಮುಖ ನೋಡಿದರು. ಗೋಣೆಪ್ಪ ಕಟ್ಟೆಯಿಂದ ಎದ್ದು ಬಂದ.

"ಏನ ನಡಸೀವಾ ಇದು? ಹೆಣದ ಮುಂದ ಪ್ಲೇಟು ಹಚ್ಚತಾರೇನು? ಹೊತ್ತು ಇಳಿಯಾಕ ಹತ್ತೈತಿ. ಕುಣಿ ತಯಾರಾಗೇತಿ."

"ಕರಡಿಮಜಲಿನವರನ್ನ ಕರಸೀರಲ್ಲ ಭಾವಾ, ಅವರು ಬಾರಸೂದು ಎಲ್ಲಿ?" ರೇಣವ್ವ ದನಿ ಏರಿಸಲಿಲ್ಲ. "ಇದು ಅವರ ಮಾತೈತಿ. ನಾ ನಡಸಿಕೊಡಬೇಕು."

ಗೋಣೆಪ್ಪ ವಿಧಿ ನಡೆಸಲು ಬಂದಿದ್ದ ಮಠದ ಅಯ್ಯನವರ ಕಡೆಗೆ ನೋಡಿದ. ಬಿಲ್ವಪತ್ರಿ ಬಿಡಿಸುತ್ತಿದ್ದ ಅಯ್ಯನವರು, "ಹೊತ್ತು ಮುಳಗೂದರಾಗ ಆದರ ಸಾಕು," ಎಂದು ಮತ್ತೆ ಪತ್ರಿಗೆ ಕೈ ಹಾಕಿದರು.

ಕೂಡಲು ಬೇರೆ ಜಾಗವಿರಲಿಲ್ಲ. ಮದರಸಾಬ ಅರ್ಜುನಪ್ಪನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತ. ರೇಣವ್ವ ಕೀಲಿ ಕೊಟ್ಟು ಮೊದಲಿನ ಪ್ಲೇಟು ಹಚ್ಚಿದಳು. ಸಂಜೆಯ ಹೊತ್ತು, ಕುರಿಮಂದೆ ತಿರುಗಿ ಬರುವ ಸಪ್ಪಳ. ಅದು ಮುಗಿದ ಕೂಡಲೆ ಅವಳು ಆ ಪ್ಲೇಟನ್ನು ಹಾಗೇ ಪಕ್ಕಕ್ಕಿಟ್ಟು ಎರಡನೆಯದನ್ನು ಕೈಗೆತ್ತಿಕೊಂಡಳು.

"ತಂಗೆವ್ವ, ಮಗ್ಗಲ ಹೊರಳಸಲಿಲ್ಲ," ಅಂದ ಮದರಸಾಬ.

"ಸುಮ್ಮ ಕೂಡ್ರಿ."

ಎರಡನೆಯದರ ಮೇಲುಮಗ್ಗಲು ಮುಗಿಯಿತು. ಅದನ್ನು ಮೊದಲಿನದರ ಮೇಲಿಟ್ಟಳು. ಮೂರನೆಯದನ್ನು ಹಚ್ಚಿದಳು. ಬಿರುಗಾಳಿ ಎದ್ದಿತು. ಈಗ ಮಾತ್ರ ಅವಳು ಪ್ಲೇಟನ್ನು ಅಲ್ಲೇ ಹೊರಳಿಸಿದಳು. ಗಾಳಿ ಇನ್ನೂ ಜೋರಾಯಿತು, ಕುರುಬ ಕತ್ತಲೆಯಲ್ಲಿ ಹುಡುಕಾಡತೊಡಗಿದ. ಆಮೇಲೆ ಎರಡನೆಯದರ ಹಿಂಮಗ್ಗಲು. ಗಾಳಿ ಇಳಿದು ದೂರದಲ್ಲೆಲ್ಲೋ ಒಂದು ಕೊಳಲು ಕೂಗಿತು.

ಮದರಸಾಬ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ. ಇದು ತನ್ನ ಕೆಂಪು ಕಟ್ಟಿನ ಆಟವೇ. ಕಥೆಯ ಓಟದಲ್ಲಿ ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇಲ್ಲ.

"ಹೋಗೂದು ಮೂರು, ಬರೂದು ಮೂರು," ಅಂದಳು ರೇಣವ್ವ ಮುಳ್ಳು ಎತ್ತಿ ಹಿಡಿದು. "ಹೊಲಕ್ಕ ಹೋಗಿ ಹೋದ ದಾರೀಲೆ ತಿರುಗಿ ಬಂದಂಗ. ನೀವಿಬ್ಬರೂ ಒಂದೊಂದನ್ನ ಅಲ್ಲಲ್ಲೆ ಹೊರಳಿಸಿಕೋತ ಕುಂತ್ರಿ. ನಿಮ್ಮ ಕೆಂಪದು ಹಂಗ ಹೊರಳಸೂದೈತಿ, ಈ ನೀಲೀದು ಹಿಂಗೈತಿ."

"ಇದು ಯಾರು ಹೇಳಿದ್ರು ನಿನಗ?"

"ಯಾರು ಹೇಳಬೇಕ್ರಿ? ಹೋದ ಸುಗ್ಗ್ಯಾಗ ಜ್ವರ ಬಂದು ಅವರು ಏಳಲಾರದಂಗ ಆಗಿದ್ರು, ಪ್ಲೇಟು ಹಚ್ಚಂದ್ರು. ನನಗ ಹೊರಳಸೂದು ಎಲ್ಲಿ ಗೊತ್ತಿತ್ತು? ಮೇಲಿಂದ ಮೇಲೆ ಹಚ್ಚಿಕೋತ ಹೋದೆ. ಕಡೀಕೆ ಉಳದದ್ದನ್ನ ತಿರುವಿಕೋತ ಬಂದೆ. ಎದ್ದು ಕುಂತು ನಕ್ಕರು. ನಕ್ಕವರು ಅಳಾಕ ಹತ್ತಿದ್ರು. ಮದರ್‍ಯಾಗ ಮೋಸಗಾರ ಅಂದ ಬಾಯಿ ಐತಿದು, ಅಂತ ಬಾಯಿ ಬಾಯಿ ಬಡಕೊಂಡ್ರು."

ಮದರಸಾಬ ಅವಳ ಕಡೆಗೆ ತಿರುಗಿದ.

"ಇಷ್ಟು ಹೇಳಿ ಕಳಿಸಿದ್ರ ಓಡಿ ಬರ್ತಿದ್ನಲ್ಲವಾ."

"ನಾನೂ ಅದನ್ನ ಅಂದೆ. ಬ್ಯಾಡ ಅಂದ್ರು. ಅಂವಾ ಬಂದು ಈ ಗ್ವಾಡಿಗೆ ಒರಗಿ ಕುಂತು ಕೇಳಲಿ, ಕೇಳಿದಮ್ಯಾಲೆ ಅಂವನ ಕಾಲು ಹಿಡೀತೇನಿ ಅಂದ್ರು. ನಿಮ್ಮ ಹಟ ನಿಮಗ, ಅವರ ಹಟ ಅವರಿಗೆ. ನಡುವ ನಾ ದಾರಿ ಕಾಯಕೋತ ಕುಂತೆ."

ಗೋಣೆಪ್ಪ ಕಂಬಕ್ಕೆ ಆತು ನಿಂತ.

ಅವಳು ಮೊದಲಿನ ಪ್ಲೇಟನ್ನು ಹೊರಳಿಸಿ ಹಚ್ಚಿದಳು. ಕಡೆಯ ಮಗ್ಗಲು. ಇದನ್ನು ಅವನು ಎಷ್ಟೋ ಸೋಮವಾರ ಕೇಳಿದ್ದ. ಆದರೆ ಆಗೆಲ್ಲ ಸಂಜೆಯಾದ ಕೂಡಲೆ ಬೆಳಗಾಗಿಬಿಡುತ್ತಿತ್ತು, ಸುಳ್ಳು ಬೆಳಗು ಅನ್ನಿಸುತ್ತಿತ್ತು. ಈಗ ಅಷ್ಟು ಗಾಳಿ, ಅಷ್ಟು ಕತ್ತಲೆ ದಾಟಿದ ಮೇಲೆ ಅದೇ ಮಗ್ಗಲು ಬಂತು. ಅವಸರವಿಲ್ಲ. ಪಿಟೀಲುಗಳು ನೆಲದಿಂದ ಒಂದೊಂದಾಗಿ ಏಳುತ್ತಿದ್ದವು, ಹಕ್ಕಿಗಳು ಒಂದೊಂದಾಗಿ ಕೂಗುತ್ತಿದ್ದವು. ಕೆಂಪು ಮೇಳದವರು ಈ ಜಾಗವನ್ನು ಓಡಿ ದಾಟುತ್ತಿದ್ದರು. ಇವರು ನಿಂತು ನೋಡುತ್ತಿದ್ದರು. ಇಷ್ಟು ದಿನ ತನ್ನದೇ ಮೇಲು ಎಂದು ತಿಳಿದು ಕೂತಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಸಂಕಟವಾಯಿತು, ಕೇಳುತ್ತ ಕೇಳುತ್ತ ಸುಖವೂ ಆಯಿತು.

ಪ್ಲೇಟು ಮುಗಿಯಿತು. ರೇಣವ್ವ ಮುಳ್ಳು ಎತ್ತಿದಳು.

"ಎತ್ತೂಣ ಬರ್ರಪಾ," ಎಂದ ಗೋಣೆಪ್ಪ. ಅವನ ದನಿಯಲ್ಲಿ ಈಗ ಖಾರವಿರಲಿಲ್ಲ. ನಾಲ್ವರು ಮುಂದೆ ಬಂದು ಪಂಚೆ ಮೇಲೆತ್ತಿ ಕಟ್ಟಿ ಬಗ್ಗಿದರು.

ಮದರಸಾಬನಿಗೆ ಅದು ಕೇಳಿಸಲಿಲ್ಲ. ಅವನು ಮಗ್ಗುಲಿಗೆ ಹೊರಳಿ, ಅರ್ಜುನಪ್ಪನ ಮಡಚಿದ ಮೊಳಕಾಲಿನ ಮೇಲೆ ಕೈಯಿಟ್ಟ.

"ನಿನ್ನದ ಚಲೋ ಐತಲೇ, ಅರ್ಜುನಾ," ಅಂದ.

ಅಂದವನು ಗೆಳೆಯನ ಮುಖ ನೋಡುತ್ತ, ಅವನೇನನ್ನುತ್ತಾನೋ ಎಂದು ಹಾಗೇ ಕೂತ. ಎತ್ತಲು ಬಗ್ಗಿದವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕಾಯುತ್ತ ನಿಂತರು.